ದೂರದ ಶಾಖೆಗಳ ಅಂತರಜಾಲ ವೇಗದ ಮೇಲ್ವಿಚಾರಣೆ

ದೂರದ ಶಾಖೆಗಳ ಅಂತರಜಾಲ ವೇಗದ ಮೇಲ್ವಿಚಾರಣೆ ಎಂಬುದು ಒಂದು ಸಂಸ್ಥೆಯ ಕೇಂದ್ರ ಕಚೇರಿಯಿಂದ ದೂರದಲ್ಲಿರುವ ಶಾಖೆ, ಉಗ್ರಾಣ, ಮಳಿಗೆ, ಪೆಟ್ರೋಲ್ ಬಂಕ್, ಎ.ಟಿ.ಎಂ. ಮುಂತಾದ ಸ್ಥಳಗಳ ಅಂತರಜಾಲ ಸಂಪರ್ಕವನ್ನು ನಿರಂತರವಾಗಿ ಅಳೆದು, ದಾಖಲಿಸಿ, ಏರುಪೇರು ಕಂಡಾಗ ಸಂಬಂಧಪಟ್ಟವರಿಗೆ ತಿಳಿಸುವ ಕಾರ್ಯವಾಗಿದೆ. ಇದು ಜಾಲ ನಿರ್ವಹಣೆಯ ಒಂದು ಅಂಗ. ಹೆಸರಿನಲ್ಲಿ 'ವೇಗ' ಎಂದಿದ್ದರೂ ಇಲ್ಲಿ ಅಳೆಯುವುದು ವೇಗವೊಂದನ್ನೇ ಅಲ್ಲ. ದತ್ತಾಂಶ ಹೋಗಿ ಬರಲು ಹಿಡಿಯುವ ಸಮಯ, ಆ ಸಮಯದಲ್ಲಿನ ಏರಿಳಿತ, ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳ ಪ್ರಮಾಣ ಹಾಗೂ ಸಂಪರ್ಕವು ಲಭ್ಯವಿದ್ದ ಒಟ್ಟು ಅವಧಿಗಳೂ ಇದರಲ್ಲಿ ಸೇರುತ್ತವೆ.

ಮನೆಯಲ್ಲಿ ಕುಳಿತು ಒಮ್ಮೆ ವೇಗ ಪರೀಕ್ಷೆ ಮಾಡುವುದಕ್ಕೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಅಳೆಯುವವನು ಆ ಸ್ಥಳದಲ್ಲಿ ಇರುವುದಿಲ್ಲ. ಅಲ್ಲಿರುವವರು ಸಾಮಾನ್ಯವಾಗಿ ತಂತ್ರಜ್ಞರಾಗಿರುವುದಿಲ್ಲ. ಜೊತೆಗೆ, ಯಾವ ಸಂಪರ್ಕವನ್ನು ಅಳೆಯಬೇಕಾಗಿದೆಯೋ ಅದರ ಮೂಲಕವೇ ಅಳತೆಯ ವರದಿಯೂ ಬರಬೇಕು. ಸಂಪರ್ಕ ಕಡಿದಾಗ ವರದಿಯೂ ನಿಲ್ಲುತ್ತದೆ. ಈ ಕ್ಷೇತ್ರದ ಬಹುಪಾಲು ವಿಧಾನಗಳು ಈ ಎರಡು ತೊಡಕುಗಳನ್ನು ನಿವಾರಿಸಲು ಹುಟ್ಟಿಕೊಂಡವುಗಳು.

ಹಿನ್ನೆಲೆ

ಬ್ಯಾಂಕುಗಳ ಲೆಕ್ಕಪತ್ರಗಳು ಆಯಾ ಶಾಖೆಯ ಲೆಡ್ಜರುಗಳಲ್ಲಿ, ಅನಂತರ ಶಾಖೆಯದೇ ಗಣಕಯಂತ್ರದಲ್ಲಿ ಇದ್ದ ಕಾಲದಲ್ಲಿ ದೂರಸಂಪರ್ಕ ಕೆಟ್ಟರೂ ಕೌಂಟರಿನ ಕೆಲಸ ನಿಲ್ಲುತ್ತಿರಲಿಲ್ಲ. ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಬಂದ ಮೇಲೆ ಪಾಸ್‌ಬುಕ್ಕಿನ ಒಂದು ಸಾಲನ್ನು ಮುದ್ರಿಸಲೂ ನೂರಾರು ಕಿಲೋಮೀಟರ್ ದೂರದ ದತ್ತಾಂಶ ಕೇಂದ್ರದಿಂದ ಉತ್ತರ ಬರಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪರಿಶೀಲನೆ, ಅಂಚೆ ಕಚೇರಿಯ ಉಳಿತಾಯ ಖಾತೆ, ಔಷಧ ಮಳಿಗೆಯ ದಾಸ್ತಾನು, ಕಾರ್ಡ್ ಉಜ್ಜುವ ಯಂತ್ರ ಇವೆಲ್ಲವೂ ಇದೇ ಸ್ಥಿತಿಗೆ ಬಂದಿವೆ.

ಕರ್ನಾಟಕದ ಹಳ್ಳಿಗಳಲ್ಲಿ 'ಸರ್ವರ್ ಡೌನ್' ಎಂಬ ಮಾತು ಈಗ ದಿನಬಳಕೆಯ ಕನ್ನಡವೇ ಆಗಿದೆ. ಕಿಟಕಿಯ ಒಳಗಿರುವ ನೌಕರನಿಗೂ ಹೊರಗೆ ಸಾಲಿನಲ್ಲಿ ನಿಂತವರಿಗೂ ಅದೊಂದೇ ವಿವರಣೆ. ವಾಸ್ತವದಲ್ಲಿ ಆ ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಕೇಂದ್ರದ ಸರ್ವರ್ ನಿಜವಾಗಿಯೂ ನಿಂತಿರಬಹುದು. ಅದು ನಡೆಯುತ್ತಿದ್ದರೂ ಹೊರೆ ಹೆಚ್ಚಾಗಿರಬಹುದು. ಶಾಖೆಗೆ ಬರುವ ಮಾರ್ಗ ಕಡಿದಿರಬಹುದು ಅಥವಾ ನಿಧಾನವಾಗಿರಬಹುದು. ಶಾಖೆಯೊಳಗಿನ ತಂತಿಯೋ ಸ್ವಿಚ್ಚೋ ಕೆಟ್ಟಿರಬಹುದು. ಇವುಗಳಲ್ಲಿ ಪ್ರತಿಯೊಂದನ್ನೂ ಸರಿಪಡಿಸಬೇಕಾದವರು ಬೇರೆ ಬೇರೆ. ಅಳತೆಯ ದಾಖಲೆ ಇಲ್ಲದಿದ್ದರೆ ದೂರು ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತಲೇ ಇರುತ್ತದೆ. ಅಷ್ಟರಲ್ಲಿ ಪಿಂಚಣಿಗಾಗಿಯೋ ಪಡಿತರಕ್ಕಾಗಿಯೋ ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಿರುತ್ತಾರೆ.

ಅಳೆಯುವ ಪರಿಮಾಣಗಳು

ಸೇವಾದಾತರು ಜಾಹೀರಾತಿನಲ್ಲಿ ಹೇಳುವ ವೇಗವು ಸಂಪರ್ಕದ ಗರಿಷ್ಠ ಸಾಮರ್ಥ್ಯ, ಅಂದರೆ ಬ್ಯಾಂಡ್‌ವಿಡ್ತ್. ಒಂದು ನಿರ್ದಿಷ್ಟ ಹೊತ್ತಿನಲ್ಲಿ ಎರಡು ತುದಿಗಳ ನಡುವೆ ವಾಸ್ತವವಾಗಿ ಸಾಗಿದ ದತ್ತಾಂಶದ ದರವನ್ನು ಥ್ರೂಪುಟ್ ಎನ್ನುತ್ತಾರೆ. ಎರಡನ್ನೂ ಸೆಕೆಂಡಿಗೆ ಇಷ್ಟು ಬಿಟ್‌ಗಳು ಎಂದು ಹೇಳುವುದು ರೂಢಿ. ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುವುದರಿಂದ ಗೊಂದಲ ಉಂಟಾಗುತ್ತದೆ. 8 ಬಿಟ್‌ಗಳಿಗೆ ಒಂದು ಬೈಟ್ ಆದ ಕಾರಣ 100 ಎಂಬಿಪಿಎಸ್ ಸಂಪರ್ಕದಲ್ಲಿ ಕಡತವೊಂದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್‌ನಂತೆ ಇಳಿಯುತ್ತದೆ. 'ನೂರಕ್ಕೆ ಹಣ ಕಟ್ಟಿದರೂ ಹನ್ನೆರಡೇ ಬರುತ್ತಿದೆ' ಎಂಬ ದೂರುಗಳಲ್ಲಿ ಕೆಲವು ಈ ಗೊಂದಲದಿಂದ ಬಂದವು.

ವಿಳಂಬವನ್ನು ಸಾಮಾನ್ಯವಾಗಿ ಒಂದು ಪ್ಯಾಕೆಟ್ ಹೋಗಿ ಅದರ ಉತ್ತರ ಮರಳಿ ಬರುವ ಒಟ್ಟು ಸಮಯವಾಗಿ ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುವುದರಿಂದ 2,000 ಕಿಲೋಮೀಟರ್ ಉದ್ದದ ಮಾರ್ಗದಲ್ಲಿ ಹೋಗಿಬರಲು 20 ಮಿಲಿಸೆಕೆಂಡ್ ಬೇಕೇ ಬೇಕು. ಎಷ್ಟು ಹಣ ಕೊಟ್ಟರೂ ಇದನ್ನು ತಗ್ಗಿಸಲಾಗದು. ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ ವಿ-ಸ್ಯಾಟ್ ಸಂಪರ್ಕವಿರುವ ಶಾಖೆಗೆ ಪ್ರಶ್ನೆ ಏರಿ ಇಳಿದು ಉತ್ತರ ಏರಿ ಇಳಿಯಲು ಬೆಳಕಿನ ಪಯಣಕ್ಕೇ 480 ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ. ಉಪಕರಣಗಳ ಸಮಯವೂ ಸೇರಿದರೆ ಅದು 600ರ ಆಸುಪಾಸಿಗೆ ಬರುತ್ತದೆ. ಅಂತಹ ಶಾಖೆಯ ಎಚ್ಚರಿಕೆಯ ಮಿತಿಯನ್ನು ಫೈಬರ್ ಶಾಖೆಯಂತೆಯೇ 100 ಮಿಲಿಸೆಕೆಂಡಿಗೆ ಇಟ್ಟರೆ ಎಚ್ಚರಿಕೆಯ ಗಂಟೆ ಹಗಲಿರುಳೂ ಬಾರಿಸುತ್ತಲೇ ಇರುತ್ತದೆ. ಕೆಲವೇ ದಿನಗಳಲ್ಲಿ ಯಾರೂ ಅದರತ್ತ ನೋಡುವುದಿಲ್ಲ.

ವಿಳಂಬದಲ್ಲಿನ ಏರಿಳಿತವನ್ನು ಜಿಟ್ಟರ್ ಎಂದು ಕರೆಯುತ್ತಾರೆ. ಧ್ವನಿ ಮತ್ತು ದೃಶ್ಯ ಕರೆಗಳಿಗೆ ಇದು ವೇಗಕ್ಕಿಂತ ಮುಖ್ಯ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಧ್ವನಿ ಸಂಭಾಷಣೆಗೆ ಒಂದು ದಿಕ್ಕಿನ ವಿಳಂಬವು 150 ಮಿಲಿಸೆಕೆಂಡಿನೊಳಗೆ ಇದ್ದರೆ ಉತ್ತಮ ಎನ್ನುತ್ತದೆ.

ಪ್ಯಾಕೆಟ್ ನಷ್ಟವು ಮೇಲ್ನೋಟಕ್ಕೆ ಅಲ್ಪವೆನಿಸಿದರೂ ಅದರ ಪರಿಣಾಮ ಬಹಳ ದೊಡ್ಡದು. ಟಿಸಿಪಿ ನಿಯಮದ ಪ್ರಕಾರ ದತ್ತಾಂಶ ಕಳುಹಿಸುವ ಗಣಕವು ಪ್ಯಾಕೆಟ್ ಕಳೆದುಹೋದದ್ದನ್ನು ದಟ್ಟಣೆಯ ಸೂಚನೆಯೆಂದು ಭಾವಿಸಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಸೂತ್ರದಂತೆ ಒಂದು ಟಿಸಿಪಿ ಹರಿವಿನ ವೇಗವು ವಿಳಂಬಕ್ಕೆ ವಿಲೋಮವಾಗಿಯೂ ನಷ್ಟದ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. 1,460 ಬೈಟ್‌ಗಳ ಪ್ಯಾಕೆಟ್, 50 ಮಿಲಿಸೆಕೆಂಡ್ ವಿಳಂಬ ಮತ್ತು ನೂರಕ್ಕೆ ಒಂದರಷ್ಟು ನಷ್ಟ ಇದ್ದಲ್ಲಿ ಈ ಸೂತ್ರದ ಉತ್ತರ 3 ಎಂಬಿಪಿಎಸ್‌ಗಿಂತಲೂ ಕಡಿಮೆ. ಸಂಪರ್ಕದ ಸಾಮರ್ಥ್ಯ 100 ಆಗಿರಲಿ, 1,000 ಆಗಿರಲಿ, ಒಂದು ಹರಿವಿಗೆ ಸಿಗುವುದು ಅಷ್ಟೇ. ಕ್ಯೂಬಿಕ್, ಬಿಬಿಆರ್ ಮುಂತಾದ ಈಚಿನ ದಟ್ಟಣೆ ನಿಯಂತ್ರಣ ಕ್ರಮಗಳು ಈ ಸೂತ್ರಕ್ಕೆ ಯಥಾವತ್ತಾಗಿ ಒಳಪಡುವುದಿಲ್ಲವಾದರೂ, ನಿಧಾನವಾದ ಶಾಖೆಗೆ ಹೆಚ್ಚಿನ ಬ್ಯಾಂಡ್‌ವಿಡ್ತ್ ಕೊಳ್ಳುವ ಮುನ್ನ ನಷ್ಟದ ಪ್ರಮಾಣವನ್ನು ನೋಡಬೇಕೆಂಬ ಪಾಠ ಇದರಲ್ಲಿದೆ.

ವಿಂಡೋ ಗಾತ್ರವೂ ಹೀಗೆಯೇ. ಹಳೆಯ ತಂತ್ರಾಂಶಗಳಲ್ಲಿ ಉತ್ತರ ಬರುವ ಮುನ್ನ ಕಳುಹಿಸಬಹುದಾದ ದತ್ತಾಂಶಕ್ಕೆ 65,535 ಬೈಟ್‌ಗಳ ಮಿತಿಯಿತ್ತು. 100 ಮಿಲಿಸೆಕೆಂಡ್ ವಿಳಂಬದ ಮಾರ್ಗದಲ್ಲಿ ಈ ಮಿತಿಯಿಂದ ದೊರೆಯುವ ಗರಿಷ್ಠ ವೇಗ ಸುಮಾರು 5.2 ಎಂಬಿಪಿಎಸ್, 600 ಮಿಲಿಸೆಕೆಂಡಿನ ಉಪಗ್ರಹ ಮಾರ್ಗದಲ್ಲಿ 0.9 ಎಂಬಿಪಿಎಸ್ ಕೂಡ ಇಲ್ಲ. ಹಳೆಯ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸುತ್ತಿರುವ ಶಾಖೆಯಲ್ಲಿ ವೇಗ ಪರೀಕ್ಷೆ ಚೆನ್ನಾಗಿ ಕಂಡು ಕೆಲಸ ಮಾತ್ರ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಇತಿಹಾಸ

ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ ಪಿಂಗ್. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರ್‌ನಲ್ಲಿ ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಸೋನಾರ್ ಉಪಕರಣದ ಸದ್ದಿನಿಂದ ಆ ಹೆಸರು ಬಂದಿತು. ಪ್ಯಾಕೆಟ್ ಸಾಗುವ ದಾರಿಯ ಒಂದೊಂದು ನಿಲ್ದಾಣವನ್ನೂ ತೋರಿಸುವ ಟ್ರೇಸ್‌ರೂಟ್ ಅನ್ನು ವ್ಯಾನ್ ಜೇಕಬ್ಸನ್ 1987ರಲ್ಲಿ ರಚಿಸಿದರು. ದೂರದ ಉಪಕರಣಗಳಿಂದ ಅಂಕಿಅಂಶಗಳನ್ನು ಕೇಳಿ ಪಡೆಯುವ ಎಸ್‌ಎನ್‌ಎಂಪಿ ನಿಯಮಾವಳಿ 1988ರಲ್ಲಿ ಪ್ರಕಟವಾಯಿತು.

ಶಾಖೆಗಳ ಮೇಲ್ವಿಚಾರಣೆಗೆ ಇಂದಿನ ರೂಪ ಕೊಟ್ಟದ್ದು ಎಂಆರ್‌ಟಿಜಿ ಎಂಬ ಉಚಿತ ತಂತ್ರಾಂಶವೆಂದರೆ ತಪ್ಪಾಗದು. 1994ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಟೋಬಿಯಾಸ್ ಎಟಿಕರ್ ಅವರಿಗೆ ಹೊರಜಗತ್ತಿನೊಂದಿಗೆ ಇದ್ದದ್ದು 64 ಕೆಬಿಪಿಎಸ್‌ನ ಒಂದೇ ಮಾರ್ಗ. ಅದು ಎಷ್ಟು ತುಂಬಿದೆ ಎಂಬುದನ್ನು ಎಲ್ಲರೂ ನೋಡಲೆಂದು ಅವರು ರೌಟರ್‌ನ ಎಣಿಕೆಗಳನ್ನು 5 ನಿಮಿಷಕ್ಕೊಮ್ಮೆ ಓದಿ ನಕ್ಷೆಯಾಗಿ ಜಾಲಪುಟದಲ್ಲಿ ತೋರಿಸುವ ತಂತ್ರಾಂಶವನ್ನು ಬರೆದರು. ದಿನ, ವಾರ, ತಿಂಗಳು, ವರ್ಷಗಳ ನಾಲ್ಕು ನಕ್ಷೆಗಳ ಆ ಪುಟವನ್ನು ಅನಂತರದ ಅನೇಕ ತಂತ್ರಾಂಶಗಳು ಅನುಸರಿಸಿದವು. 5 ನಿಮಿಷದ ಅಂತರವೂ ರೂಢಿಯಾಗಿ ಉಳಿಯಿತು. ವಿಳಂಬದ ಏರಿಳಿತವನ್ನು ಹೊಗೆಯಂತೆ ಹರಡಿ ತೋರಿಸುವ ಸ್ಮೋಕ್‌ಪಿಂಗ್ ಕೂಡ ಎಟಿಕರ್ ಅವರದೇ ಕೃತಿ.

ಸಾರ್ವಜನಿಕ ವೇಗ ಪರೀಕ್ಷೆಗಳಲ್ಲಿ ಊಕ್ಲಾ ಸಂಸ್ಥೆಯ ಸ್ಪೀಡ್‌ಟೆಸ್ಟ್ 2006ರಲ್ಲಿಯೂ ನೆಟ್‌ಫ್ಲಿಕ್ಸ್‌ನ ಫಾಸ್ಟ್ 2016ರಲ್ಲಿಯೂ ಆರಂಭವಾದವು. ಅಮೆರಿಕದ ಸಂಪರ್ಕ ಆಯೋಗವು ಸ್ವಯಂಸೇವಕರ ಮನೆಗಳಲ್ಲಿ ಅಳತೆಯ ಪೆಟ್ಟಿಗೆಗಳನ್ನು ಇರಿಸಿ, ಸೇವಾದಾತರು ಹೇಳಿದ್ದನ್ನೂ ನಿಜವಾಗಿ ಕೊಟ್ಟದ್ದನ್ನೂ ಹೋಲಿಸಿದ ತನ್ನ ಮೊದಲ ವರದಿಯನ್ನು 2011ರಲ್ಲಿ ಪ್ರಕಟಿಸಿತು. ಬಳಕೆದಾರನ ಗಣಕವನ್ನು ನಂಬದೆ ಪ್ರತ್ಯೇಕ ಪೆಟ್ಟಿಗೆಯಿಂದ ಅಳೆಯುವ ಆ ಕ್ರಮ ಶಾಖೆಗಳಿಗೂ ಒಪ್ಪುತ್ತದೆ.

ವಿಧಾನಗಳು

ಮೇಲ್ವಿಚಾರಣೆಯ ವಿಧಾನಗಳಲ್ಲಿ ಸಕ್ರಿಯ ಮತ್ತು ನಿಷ್ಕ್ರಿಯ ಎಂಬ ಎರಡು ಬಗೆಗಳಿವೆ. ಪರೀಕ್ಷೆಗೆಂದೇ ದತ್ತಾಂಶವನ್ನು ಕಳುಹಿಸಿ ನೋಡುವುದು ಸಕ್ರಿಯ ವಿಧಾನ. ಹೇಗೂ ಹರಿಯುತ್ತಿರುವ ದತ್ತಾಂಶವನ್ನು ಎಣಿಸುವುದು ನಿಷ್ಕ್ರಿಯ ವಿಧಾನ. ರೌಟರ್‌ನಲ್ಲಿರುವ ಎಣಿಕೆಗಳನ್ನು ಎಸ್‌ಎನ್‌ಎಂಪಿ ಮೂಲಕ ಓದುವುದು ಎರಡನೆಯದಕ್ಕೆ ಉದಾಹರಣೆ. ಇದರಿಂದ ಮಾರ್ಗವು ಎಷ್ಟು ಬಳಕೆಯಾಯಿತು ಎಂಬುದು ತಿಳಿಯುತ್ತದೆಯೇ ಹೊರತು ಎಷ್ಟು ಬಳಸಬಹುದಿತ್ತು ಎಂಬುದು ತಿಳಿಯದು. ಬೆಳಿಗ್ಗೆ 11 ಗಂಟೆಗೆ 8 ಎಂಬಿಪಿಎಸ್ ಬಳಕೆ ಕಂಡರೆ ಅದು ಕೆಲಸ ಕಡಿಮೆಯಿದ್ದುದರಿಂದಲೋ ಮಾರ್ಗವೇ 8ಕ್ಕೆ ಕುಸಿದಿದ್ದುದರಿಂದಲೋ ಎಂದು ಹೇಳಲು ವಿಳಂಬದ ಅಳತೆ ಜೊತೆಗಿರಬೇಕು. ತುಂಬಿದ ಮಾರ್ಗದಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟುವುದರಿಂದ ವಿಳಂಬವೂ ಏರಿರುತ್ತದೆ.

ಈ ಎಣಿಕೆಗಳಲ್ಲಿ ಒಂದು ಹಳೆಯ ತೊಡಕಿದೆ. 32 ಬಿಟ್‌ಗಳ ಎಣಿಕೆಯು ಸುಮಾರು 429 ಕೋಟಿ ಬೈಟ್‌ಗಳ ನಂತರ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. 100 ಎಂಬಿಪಿಎಸ್ ಮಾರ್ಗ ಪೂರ್ಣ ತುಂಬಿದ್ದರೆ ಇದಕ್ಕೆ 6 ನಿಮಿಷವೂ ಬೇಕಿಲ್ಲ. 1 ಜಿಬಿಪಿಎಸ್ ಮಾರ್ಗದಲ್ಲಿ 34 ಸೆಕೆಂಡ್ ಸಾಕು. 5 ನಿಮಿಷಕ್ಕೊಮ್ಮೆ ಓದುವ ತಂತ್ರಾಂಶಕ್ಕೆ ನಡುವೆ ಎಷ್ಟು ಸುತ್ತು ಬಂದಿತೆಂಬುದು ಗೊತ್ತಾಗದೆ ನಕ್ಷೆಯಲ್ಲಿ ಬಳಕೆ ತೀರಾ ಕಡಿಮೆ ಕಾಣುತ್ತದೆ. ಆದ್ದರಿಂದ ವೇಗದ ಮಾರ್ಗಗಳಲ್ಲಿ 64 ಬಿಟ್‌ಗಳ ಎಣಿಕೆಗಳನ್ನೇ ಓದಬೇಕು.

ಸಕ್ರಿಯ ವಿಧಾನದಲ್ಲಿ ಪಿಂಗ್ ಅತ್ಯಂತ ಅಗ್ಗದ್ದು. ನಿಮಿಷಕ್ಕೆ 10 ಬಾರಿ ಪಿಂಗ್ ಮಾಡಿದರೂ ಹೋಗಿ ಬರುವ ದತ್ತಾಂಶ ದಿನಕ್ಕೆ ಸುಮಾರು 2.4 ಮೆಗಾಬೈಟ್ ಮಾತ್ರ. ಪೂರ್ಣ ವೇಗ ಪರೀಕ್ಷೆಯ ಲೆಕ್ಕವೇ ಬೇರೆ. 100 ಎಂಬಿಪಿಎಸ್ ಮಾರ್ಗವನ್ನು 15 ಸೆಕೆಂಡ್ ತುಂಬಿಸಲು 187.5 ಮೆಗಾಬೈಟ್ ಬೇಕು. ಗಂಟೆಗೊಮ್ಮೆ ಮಾಡಿದರೆ ದಿನಕ್ಕೆ 4.5 ಗಿಗಾಬೈಟ್, 30 ದಿನಕ್ಕೆ 135 ಗಿಗಾಬೈಟ್. ಮೊಬೈಲ್ ಸಿಮ್‌ನಿಂದ ನಡೆಯುವ ಅಂಗಡಿಯಲ್ಲಿ ಹೀಗೆ ಮಾಡಿದರೆ ದೈನಿಕ ಮಿತಿಯನ್ನು ಪರೀಕ್ಷೆಯೇ ತಿಂದುಹಾಕಿ, ಸೇವಾದಾತರು ವೇಗವನ್ನು ಇಳಿಸುತ್ತಾರೆ. ಅದನ್ನು ಕಂಡು ಸಂಪರ್ಕ ಕೆಟ್ಟಿದೆಯೆಂದು ಪರೀಕ್ಷೆಯೇ ವರದಿ ಮಾಡುತ್ತದೆ. ಅಲ್ಲದೆ ಕೆಲಸದ ಹೊತ್ತಿನಲ್ಲಿ ನಡೆಯುವ ಪೂರ್ಣ ಪರೀಕ್ಷೆಯು ಆ 15 ಸೆಕೆಂಡುಗಳ ಕಾಲ ಗ್ರಾಹಕರ ಕೆಲಸಕ್ಕೆ ಅಡ್ಡಿ. ಹೀಗಾಗಿ ವಿಳಂಬ ಮತ್ತು ನಷ್ಟಗಳನ್ನು ಸದಾ ಅಳೆಯುತ್ತಾ, ಪೂರ್ಣ ಪರೀಕ್ಷೆಯನ್ನು ಶಾಖೆ ತೆರೆಯುವ ಮುನ್ನ ಒಮ್ಮೆ, ವಹಿವಾಟಿನ ನಡುವೆ ಒಮ್ಮೆ, ಹಾಗೂ ವಿಳಂಬ ಏರಿದಾಗ ಮಾತ್ರ ನಡೆಸುವುದು ವಿವೇಕದ ಕ್ರಮ.

ಅಳೆಯುವ ದಿಕ್ಕೂ ಮುಖ್ಯ. ಕೇಂದ್ರದಿಂದ ಎಲ್ಲ ಶಾಖೆಗಳಿಗೆ ಪಿಂಗ್ ಮಾಡುವುದು ಸುಲಭ. ಆದರೆ ಕೇಂದ್ರದ ಮಾರ್ಗವೇ ಕಡಿದಾಗ ಎಲ್ಲ ಶಾಖೆಗಳೂ ಒಟ್ಟಿಗೆ ನಿಂತಂತೆ ಕಾಣುತ್ತದೆ. ಮೊಬೈಲ್ ಮತ್ತು ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುವುದರಿಂದ ಹೊರಗಿನಿಂದ ಶಾಖೆಯನ್ನು ತಲುಪುವುದೇ ಸಾಧ್ಯವಿಲ್ಲ. ಆಗ ಶಾಖೆಯಲ್ಲಿ ರಾಸ್ಪ್‌ಬೆರಿ ಪೈನಂತಹ ಪುಟ್ಟ ಗಣಕವನ್ನಿರಿಸಿ ಅಲ್ಲಿಂದ ಹೊರಗೆ ಅಳೆಯುತ್ತಾರೆ. ಅದು ಸಂಪರ್ಕ ಕಡಿದ ಅವಧಿಯ ಅಳತೆಗಳನ್ನು ತನ್ನಲ್ಲೇ ಉಳಿಸಿಕೊಂಡು, ಸಂಪರ್ಕ ಮರಳಿದಾಗ ಕೇಂದ್ರಕ್ಕೆ ಒಪ್ಪಿಸುತ್ತದೆ. ಈ ಪೆಟ್ಟಿಗೆಯು ಮೂರು ಗುರಿಗಳನ್ನು ಅಳೆದರೆ ದೋಷದ ಸ್ಥಳ ಬಹುಮಟ್ಟಿಗೆ ತಿಳಿಯುತ್ತದೆ: ಶಾಖೆಯ ರೌಟರ್, ಸೇವಾದಾತರ ಮೊದಲ ನಿಲ್ದಾಣ, ಮತ್ತು ಸಂಸ್ಥೆಯ ದತ್ತಾಂಶ ಕೇಂದ್ರ. ರೌಟರ್ ಉತ್ತರಿಸದಿದ್ದರೆ ತೊಂದರೆ ಕಟ್ಟಡದೊಳಗೇ ಇದೆ. ಮೊದಲ ನಿಲ್ದಾಣದವರೆಗೆ ಸರಿಯಾಗಿದ್ದು ಕೇಂದ್ರ ಮಾತ್ರ ಸಿಗದಿದ್ದರೆ ಊರಿನ ಲೈನ್‌ಮನ್‌ಗೆ ಕರೆ ಮಾಡಿ ಪ್ರಯೋಜನವಿಲ್ಲ.

ದಾರಿ ತಪ್ಪಿಸುವ ಅಳತೆಗಳು

ಸಾರ್ವಜನಿಕ ವೇಗ ಪರೀಕ್ಷೆಗಳು ಸಾಮಾನ್ಯವಾಗಿ ಹತ್ತಿರದ ಸರ್ವರ್‌ ಅನ್ನು ಆರಿಸಿಕೊಳ್ಳುತ್ತವೆ. ಅದು ಬಹಳ ಸಲ ಸೇವಾದಾತರ ಜಾಲದೊಳಗೇ ಇರುತ್ತದೆ. ಹಾಗಾಗಿ ಅದರ ಫಲಿತಾಂಶವು ಶಾಖೆಯಿಂದ ಸೇವಾದಾತರವರೆಗಿನ ತುಂಡಿನ ವೇಗವೇ ವಿನಾ ಶಾಖೆಯಿಂದ ದತ್ತಾಂಶ ಕೇಂದ್ರದವರೆಗಿನದಲ್ಲ. ಜೊತೆಗೆ ಅನೇಕ ಪರೀಕ್ಷೆಗಳು ಹಲವು ಹರಿವುಗಳನ್ನು ಏಕಕಾಲಕ್ಕೆ ತೆರೆಯುತ್ತವೆ; ಕೌಂಟರಿನ ತಂತ್ರಾಂಶ ಬಳಸುವುದು ಒಂದೇ ಹರಿವನ್ನು. ಎರಡೂ ತುದಿಗಳಲ್ಲಿ ತನ್ನದೇ ಐಪರ್ಫ್‌ನಂತಹ ತಂತ್ರಾಂಶವನ್ನಿರಿಸಿ ಅಳೆಯುವ ಸಂಸ್ಥೆಗೆ ಈ ತೊಂದರೆ ಇಲ್ಲ.

ವೈ-ಫೈ ಮೂಲಕ ಮಾಡಿದ ಪರೀಕ್ಷೆಯನ್ನು ಸೇವಾದಾತರ ವಿರುದ್ಧದ ಸಾಕ್ಷ್ಯವಾಗಿ ಬಳಸಲಾಗದು. ಗೋಡೆಯಾಚೆಯ ಕೋಣೆ, ಪಕ್ಕದ ಅಂಗಡಿಯ ವೈ-ಫೈ, ಹಳೆಯ ಲ್ಯಾಪ್‌ಟಾಪ್ ಇವುಗಳಲ್ಲಿ ಯಾವುದೂ ಹೊರಗಿನ ಮಾರ್ಗದ ತಪ್ಪಲ್ಲ. ಅಳತೆಯ ಪೆಟ್ಟಿಗೆಯನ್ನು ರೌಟರ್‌ಗೆ ತಂತಿಯಿಂದಲೇ ಜೋಡಿಸಬೇಕು.

300 ಎಂಬಿಪಿಎಸ್‌ನ ಸಂಪರ್ಕವಿದ್ದರೂ ಪ್ರತಿ ಪರೀಕ್ಷೆಯಲ್ಲೂ 94ರ ಹತ್ತಿರದ ಅಂಕಿಯೇ ಬರುತ್ತಿದ್ದರೆ ಕಾರಣವನ್ನು ಹೆಚ್ಚು ದೂರ ಹುಡುಕಬೇಕಾಗಿಲ್ಲ. ಗಿಗಾಬಿಟ್ ಈಥರ್ನೆಟ್‌ಗೆ ತಂತಿಯ ನಾಲ್ಕೂ ಜೋಡಿಗಳು ಬೇಕು. ಒಂದು ಜೋಡಿ ಕೆಟ್ಟರೂ ಉಪಕರಣಗಳು ಎರಡೇ ಜೋಡಿ ಸಾಕಾಗುವ 100 ಎಂಬಿಪಿಎಸ್‌ಗೆ ಇಳಿಯಬಹುದು. ಅದರಲ್ಲಿ ಪ್ಯಾಕೆಟ್‌ಗಳ ತಲೆಬರಹ ಮೊದಲಾದವುಗಳಿಗೆ ನೂರಕ್ಕೆ ಐದರಷ್ಟು ಹೋಗಿ ಉಳಿಯುವುದು 94 ಅಥವಾ 95. ಇಲಿ ಕಡಿದ ತಂತಿ, ಸರಿಯಾಗಿ ಒತ್ತದ ಕನೆಕ್ಟರ್, ಇಲ್ಲವೇ ಹಳೆಯ 100 ಎಂಬಿಪಿಎಸ್ ಸ್ವಿಚ್ ಇವುಗಳಲ್ಲೊಂದು ಇದರ ಕಾರಣವಾಗಿರುತ್ತದೆ. ಅಂಕಿಯು ದಿನದಿಂದ ದಿನಕ್ಕೆ ಸ್ಥಿರವಾಗಿರುವುದೇ ಸುಳಿವು. ದಟ್ಟಣೆಯಿಂದ ಆದ ಕುಸಿತ ಅಷ್ಟು ಸ್ಥಿರವಾಗಿರುವುದಿಲ್ಲ.

ಸರಾಸರಿಯಂತೂ ಮೋಸ ಮಾಡುವುದರಲ್ಲಿ ಎಲ್ಲಕ್ಕಿಂತ ಮುಂದು. ಒಂದು ಶಾಖೆಗೆ ದಿನದ 18 ಗಂಟೆ 100 ಎಂಬಿಪಿಎಸ್ ಸಿಕ್ಕಿ, ವಹಿವಾಟಿನ 6 ಗಂಟೆ 10 ಮಾತ್ರ ಸಿಕ್ಕಿತೆಂದು ಭಾವಿಸಿದರೆ ದಿನದ ಸರಾಸರಿ 77.5 ಆಗುತ್ತದೆ. ತಿಂಗಳ ವರದಿಯಲ್ಲಿ ಅದು ತೃಪ್ತಿಕರವಾಗಿಯೇ ಕಾಣುತ್ತದೆ. ಬಾಗಿಲು ಮುಚ್ಚಿದ ಶಾಖೆಗೆ ರಾತ್ರಿಯಿಡೀ ದೊರೆತ ವೇಗದಿಂದ ಯಾರಿಗೂ ಉಪಯೋಗವಿಲ್ಲ. ವಹಿವಾಟಿನ ಗಂಟೆಗಳನ್ನು ಪ್ರತ್ಯೇಕಿಸಿ, ಸರಾಸರಿಯ ಬದಲು ಮಧ್ಯಾಂಕ ಮತ್ತು ಶೇಕಡಾಂಶಗಳನ್ನು ನೋಡುವುದು ವಾಡಿಕೆ. ದೊಡ್ಡ ಮಾರ್ಗಗಳ ಶುಲ್ಕದಲ್ಲಿ ಬಳಸುವ 95ನೆಯ ಶೇಕಡಾಂಶದ ಕ್ರಮವೂ ಇಂತಹದೇ: 30 ದಿನಗಳ 8,640 ಅಳತೆಗಳಲ್ಲಿ ಅತಿ ಹೆಚ್ಚಿನ 432ನ್ನು ಕೈಬಿಟ್ಟು ಉಳಿದವುಗಳ ಗರಿಷ್ಠಕ್ಕೆ ಶುಲ್ಕ ವಿಧಿಸುತ್ತಾರೆ. ಅಂದರೆ ತಿಂಗಳಿಗೆ 36 ಗಂಟೆಗಳ ಮಿತಿಮೀರಿದ ಬಳಕೆ ಲೆಕ್ಕಕ್ಕೆ ಬರುವುದಿಲ್ಲ.

ನಕ್ಷೆಗಳಿಂದ ಕಾರಣ ತಿಳಿಯುವುದು

ಕೆಲವು ವಾರಗಳ ದಾಖಲೆ ಕೂಡಿದ ಮೇಲೆ ನಕ್ಷೆಗಳ ಆಕಾರದಿಂದಲೇ ಕಾರಣವನ್ನು ಊಹಿಸಬಹುದು. ಪ್ರತಿ ಸಂಜೆ 7ರಿಂದ 11ರವರೆಗೆ ವೇಗ ಕುಸಿದು ವಿಳಂಬ ಏರುವುದು ಹಂಚಿಕೆಯ ಮಾರ್ಗದ ದಟ್ಟಣೆಯ ಗುರುತು. ಮನೆಗಳಿಗೂ ಸಣ್ಣ ಶಾಖೆಗಳಿಗೂ ಬರುವ ಜಿಪಾನ್ ಫೈಬರ್‌ನಲ್ಲಿ ಕೆಳಮುಖವಾದ ಸುಮಾರು 2.5 ಜಿಬಿಪಿಎಸ್ ಸಾಮರ್ಥ್ಯವನ್ನು 32 ಅಥವಾ 64 ಗ್ರಾಹಕರು ಹಂಚಿಕೊಂಡಿರುವುದು ಸಾಮಾನ್ಯ.

ಮೇಲ್ಮುಖ ಸಂಚಾರ ತುಂಬಿದಾಗ ಕೆಳಮುಖದ ಕೆಲಸವೂ ನಿಲ್ಲುವುದನ್ನು ಅನೇಕರು ಗಮನಿಸುವುದಿಲ್ಲ. ಶಾಖೆಯ ಸಿಸಿಟಿವಿ ಕ್ಯಾಮೆರಾಗಳು ದೃಶ್ಯಗಳನ್ನು ಕೇಂದ್ರಕ್ಕೆ ಕಳುಹಿಸತೊಡಗಿದಾಗ ಅಥವಾ ಗಣಕಗಳ ಬ್ಯಾಕಪ್ ಆರಂಭವಾದಾಗ ರೌಟರ್‌ನಲ್ಲಿ ಪ್ಯಾಕೆಟ್‌ಗಳ ದೊಡ್ಡ ಸಾಲು ಬೆಳೆಯುತ್ತದೆ. 20 ಮಿಲಿಸೆಕೆಂಡ್ ಇದ್ದ ವಿಳಂಬ ನೂರಾರು ಮಿಲಿಸೆಕೆಂಡಿಗೆ ಏರುತ್ತದೆ. ಅತಿಯಾದ ಬಫರ್‌ಗಳಿಂದ ಆಗುವ ಈ ತೊಂದರೆಗೆ ಜಿಮ್ ಗೆಟ್ಟಿಸ್ ಬಫರ್‌ಬ್ಲೋಟ್ ಎಂಬ ಹೆಸರಿನಿಂದ ಪ್ರಚಾರ ಕೊಟ್ಟರು. ಇದಕ್ಕೆ ಪರಿಹಾರ ಹೊಸ ಸಂಪರ್ಕವಲ್ಲ. ಕ್ಯಾಮೆರಾ, ಬ್ಯಾಕಪ್‌ಗಳ ವೇಗಕ್ಕೆ ಮಿತಿ ಹಾಕುವುದು, ಅಥವಾ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ ಕೋಡೆಲ್‌ನಂತಹ ಸಾಲು ನಿರ್ವಹಣೆಯ ಕ್ರಮವನ್ನು ರೌಟರ್‌ನಲ್ಲಿ ಅಳವಡಿಸುವುದು.

ಮಳೆ ಜೋರಾದಾಗಲೆಲ್ಲ ನಷ್ಟ ಹೆಚ್ಚುವ ಶಾಖೆಯಲ್ಲಿ ಉಪಗ್ರಹ ಅಥವಾ ಮೈಕ್ರೋವೇವ್ ಮಾರ್ಗವಿರುವ ಸಂಭವ ಹೆಚ್ಚು. ಆವರ್ತನ ಹೆಚ್ಚಿದಷ್ಟೂ ಮಳೆಹನಿಗಳು ಸಂಕೇತವನ್ನು ಹೆಚ್ಚು ಹೀರುತ್ತವೆ; ಆದ್ದರಿಂದ ಸಿ ಬ್ಯಾಂಡ್‌ಗಿಂತ ಕೆಯು ಬ್ಯಾಂಡ್‌ಗೆ ಈ ಬಾಧೆ ಅಧಿಕ. ಕರಾವಳಿ ಮತ್ತು ಮಲೆನಾಡಿನ ಮುಂಗಾರಿನಲ್ಲಿ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಫೈಬರ್‌ಗೆ ಮಳೆಯ ಭಯವಿಲ್ಲವಾದರೂ ರಸ್ತೆ ಅಗಲೀಕರಣದ ಜೆಸಿಬಿಯ ಭಯವಿದೆ.

ಫೈಬರ್ ನಿಧಾನವಾಗಿ ಹಾಳಾಗುವುದನ್ನು ವೇಗ ಪರೀಕ್ಷೆಗಿಂತ ಮೊದಲೇ ತಿಳಿಸುವ ಅಳತೆ ಬೆಳಕಿನ ಬಲ. ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ ಗ್ರಾಹಕನ ಉಪಕರಣಕ್ಕೆ ಮೈನಸ್ 27 ಡಿಬಿಎಂವರೆಗಿನ ಬಲದ ಬೆಳಕು ಸಾಕು. ಮೈನಸ್ 20 ಇದ್ದ ಬಲ ಕೆಲವು ತಿಂಗಳಲ್ಲಿ ಮೈನಸ್ 25ಕ್ಕೆ ಇಳಿದರೂ ವೇಗ ಮೊದಲಿನಂತೆಯೇ ಇರಬಹುದು; ಮಿತಿ ದಾಟಿದ ದಿನ ಸಂಪರ್ಕ ಥಟ್ಟನೆ ಹೋಗುತ್ತದೆ. ಬಾಗಿದ ತಂತು, ಧೂಳು ಹಿಡಿದ ಕನೆಕ್ಟರ್‌ಗಳನ್ನು ಅದಕ್ಕೆ ಮುನ್ನವೇ ಸರಿಪಡಿಸಲು ಈ ಅಂಕಿ ನೆರವಾಗುತ್ತದೆ.

ಗ್ರಾಮೀಣ ಶಾಖೆಗಳಲ್ಲಿ 'ಅಂತರಜಾಲ ಹೋಗಿದೆ' ಎಂಬ ದೂರಿನ ಹಿಂದೆ ವಿದ್ಯುತ್ ಕಡಿತ ಇರುವುದುಂಟು. ಗಣಕಗಳಿಗೆ ಯುಪಿಎಸ್ ಇದ್ದು, ಮೂಲೆಯ ಸ್ವಿಚ್‌ಗೋ ಫೈಬರ್ ಪೆಟ್ಟಿಗೆಗೋ ಇಲ್ಲದಿರುವುದು ಸಾಮಾನ್ಯ ಲೋಪ. ಅನೇಕ ಫೈಬರ್ ಪೆಟ್ಟಿಗೆಗಳು ವಿದ್ಯುತ್ ಹೋಗುವ ಕ್ಷಣದಲ್ಲಿ ಉಳಿದ ಅಲ್ಪ ಶಕ್ತಿಯಿಂದ ಸೇವಾದಾತರಿಗೆ ಒಂದು ಕೊನೆಯ ಸಂಕೇತವನ್ನು ಕಳುಹಿಸುತ್ತವೆ. ಅದು ಬಂದಿದ್ದರೆ ತಂತು ಕಡಿದಿಲ್ಲ, ಕರೆಂಟು ಹೋಗಿದೆ ಎಂದರ್ಥ.

ಎರಡನೆಯ ಸಂಪರ್ಕ

ಮುಖ್ಯವಾದ ಶಾಖೆಗಳಿಗೆ ಸಾಮಾನ್ಯವಾಗಿ ಎರಡು ಸಂಪರ್ಕಗಳಿರುತ್ತವೆ. ಮೇಲ್ವಿಚಾರಣೆಯ ಅತ್ಯಂತ ದುಬಾರಿ ತಪ್ಪು ಇಲ್ಲಿಯೇ ಆಗುತ್ತದೆ. ಮೊದಲನೆಯ ಮಾರ್ಗ ಕಡಿದಾಗ ರೌಟರ್ ತಾನಾಗಿ ಎರಡನೆಯದಕ್ಕೆ ಬದಲಾಗುವುದರಿಂದ ಶಾಖೆ ನಡೆಯುತ್ತಲೇ ಇರುತ್ತದೆ, ಪಿಂಗ್‌ಗೂ ಉತ್ತರ ಬರುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ವಾರಗಳ ನಂತರ ಎರಡನೆಯದೂ ಕಡಿದಾಗಲಷ್ಟೇ ಮೊದಲನೆಯದು ಎಂದೋ ಸತ್ತಿತ್ತೆಂಬುದು ಬೆಳಕಿಗೆ ಬರುತ್ತದೆ. ಇದರ ವಿಲೋಮವೂ ಉಂಟು: ಬಳಕೆಯಿಲ್ಲದೆ ಬಿದ್ದಿದ್ದ ಎರಡನೆಯ ಸಿಮ್‌ನ ರೀಚಾರ್ಜ್ ಅವಧಿ ಮುಗಿದಿದ್ದು, ಬೇಕಾದ ದಿನ ಕೆಲಸ ಮಾಡದಿರುವುದು. ಆದ್ದರಿಂದ ಪ್ರತಿ ಮಾರ್ಗವನ್ನೂ ಅದರದೇ ಕವಾಟದ ಮೂಲಕ ಪ್ರತ್ಯೇಕವಾಗಿ ಅಳೆಯಬೇಕು. ಎಸ್‌ಡಿ-ವ್ಯಾನ್ ಎಂಬ ಈಚಿನ ಉಪಕರಣಗಳು ಪ್ರತಿ ಮಾರ್ಗದ ವಿಳಂಬ, ಜಿಟ್ಟರ್, ನಷ್ಟಗಳನ್ನು ಸದಾ ಅಳೆದು ಉತ್ತಮವಾದುದರ ಮೇಲೆ ದತ್ತಾಂಶವನ್ನು ಕಳುಹಿಸುತ್ತವೆ.

ಇಬ್ಬರು ಬೇರೆ ಬೇರೆ ಸೇವಾದಾತರಿಂದ ಪಡೆದ ಎರಡು ಫೈಬರ್‌ಗಳು ಒಂದೇ ಕಂಬದ ಮೇಲೋ ಒಂದೇ ಕಾಲುವೆಯಲ್ಲೋ ಬಂದಿದ್ದರೆ ಎರಡೂ ಒಂದೇ ಹೊಡೆತಕ್ಕೆ ಕಡಿಯುತ್ತವೆ. ಹಳೆಯ ದಾಖಲೆಗಳಲ್ಲಿ ಎರಡೂ ಮಾರ್ಗಗಳು ಒಂದೇ ನಿಮಿಷದಲ್ಲಿ ನಿಂತಿರುವುದು ಮತ್ತೆ ಮತ್ತೆ ಕಂಡರೆ ಈ ಸಂಶಯಕ್ಕೆ ಆಧಾರವಿದೆ.

ಸೇವಾ ಕರಾರು

ವಾಣಿಜ್ಯ ಸಂಪರ್ಕಗಳ ಕರಾರಿನಲ್ಲಿ ಲಭ್ಯತೆಯ ಶೇಕಡಾವಾರನ್ನು ನಮೂದಿಸಿರುತ್ತಾರೆ. 30 ದಿನಗಳ ತಿಂಗಳಿಗೆ 99.9 ಎಂದರೆ ಸುಮಾರು 43 ನಿಮಿಷ, 99.5 ಎಂದರೆ 3 ಗಂಟೆ 36 ನಿಮಿಷ, 99 ಎಂದರೆ 7 ಗಂಟೆ 12 ನಿಮಿಷ ಸಂಪರ್ಕ ಇಲ್ಲದಿದ್ದರೂ ಕರಾರು ಮುರಿದಂತಾಗದು. 99ಕ್ಕೂ 99.9ಕ್ಕೂ ಓದುವಾಗ ಅಂತಹ ಭೇದ ಕಾಣದಿದ್ದರೂ ಶಾಖೆಯ ಒಂದು ಇಡೀ ಕೆಲಸದ ದಿನ ಆ ಎರಡರ ನಡುವೆ ಇದೆ.

ಅವಧಿಯನ್ನು ಯಾವಾಗಿನಿಂದ ಎಣಿಸಬೇಕೆಂಬುದೇ ಹೆಚ್ಚಿನ ವಿವಾದಗಳ ಮೂಲ. ಸಂಪರ್ಕ ಕಡಿದ ಕ್ಷಣದಿಂದಲೋ ದೂರು ದಾಖಲಾದ ಕ್ಷಣದಿಂದಲೋ ಎಂಬುದನ್ನು ಕರಾರು ಹೇಳಬೇಕು. ದೂರಿನಿಂದ ಎಣಿಸುವ ಕರಾರಿನಲ್ಲಿ ಮೇಲ್ವಿಚಾರಣಾ ವ್ಯವಸ್ಥೆಯು ದೂರನ್ನು ತಾನೇ ಕೂಡಲೇ ದಾಖಲಿಸುವಂತಿದ್ದರೆ ಗ್ರಾಹಕ ಸಂಸ್ಥೆಗೆ ಲಾಭ. ಇನ್ನೊಂದು ಅಂಶ, ಸಂಪರ್ಕ ಪೂರ್ಣ ನಿಂತರೆ ಮಾತ್ರ ಲೆಕ್ಕವೋ ಅಥವಾ ಕೆಲಸಕ್ಕೆ ಬಾರದಷ್ಟು ನಿಧಾನವಾದರೂ ಲೆಕ್ಕವೋ ಎಂಬುದು. ನೂರಕ್ಕೆ 10ರಷ್ಟು ಪ್ಯಾಕೆಟ್ ನಷ್ಟವಿರುವ ಮಾರ್ಗ ಪಿಂಗ್‌ನ ದೃಷ್ಟಿಯಲ್ಲಿ ಜೀವಂತ. ಕೌಂಟರಿನಲ್ಲಿ ಕುಳಿತವರಿಗೆ ಸತ್ತಂತೆಯೇ. ನಷ್ಟ ಮತ್ತು ವಿಳಂಬದ ಮಿತಿಗಳನ್ನು ಸಹಿ ಹಾಕುವ ಮುನ್ನವೇ ಸೇರಿಸದಿದ್ದರೆ ಅನಂತರ ಎಷ್ಟು ನಕ್ಷೆಗಳನ್ನು ತೋರಿಸಿದರೂ ಪರಿಹಾರ ದೊರೆಯುವುದು ಕಷ್ಟ. ಹೊಸ ಮಾರ್ಗವನ್ನು ಒಪ್ಪಿಕೊಳ್ಳುವಾಗ ಐಟಿಯು-ಟಿ ವೈ.1564 ಶಿಫಾರಸಿನಂತೆ ಪರೀಕ್ಷಿಸಿ, ಆ ಫಲಿತಾಂಶವನ್ನು ಮುಂದಿನ ಹೋಲಿಕೆಗಾಗಿ ಕಾದಿರಿಸುವುದು ಒಳ್ಳೆಯ ಪದ್ಧತಿ.

ಭಾರತದಲ್ಲಿ

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬೇಕಾದ ಕನಿಷ್ಠ ವೇಗವು 2004ರ ನೀತಿಯಲ್ಲಿ 256 ಕೆಬಿಪಿಎಸ್ ಆಗಿತ್ತು. ಅದನ್ನು 2013ರಲ್ಲಿ 512 ಕೆಬಿಪಿಎಸ್‌ಗೆ, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಲಾಯಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ಮೈಸ್ಪೀಡ್ ಎಂಬ ಮೊಬೈಲ್ ಆ್ಯಪ್ ಹೊರತಂದಿತು. ಬಳಕೆದಾರರು ತಮ್ಮ ವೇಗವನ್ನು ಅಳೆದು ಪ್ರಾಧಿಕಾರಕ್ಕೆ ಕಳುಹಿಸಬಹುದು. ತಂತಿ ಮತ್ತು ನಿಸ್ತಂತು ಸೇವೆಗಳೆರಡಕ್ಕೂ ಒಟ್ಟಾಗಿ ಅನ್ವಯಿಸುವ ಪ್ರಾಧಿಕಾರದ ಗುಣಮಟ್ಟ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿವೆ. ಸಂಸ್ಥೆಗಳು ಬಾಡಿಗೆಗೆ ಪಡೆಯುವ ಪ್ರತ್ಯೇಕ ಮಾರ್ಗಗಳಲ್ಲಿ ಮಾತ್ರ ಕರಾರಿನ ಷರತ್ತುಗಳೇ ಮುಖ್ಯ ಆಧಾರ.

ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ನೀಡಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು ಅನಂತರ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ 100 ಎಂಬಿಪಿಎಸ್ ಒದಗಿಸುವುದು ಅದರ ಗುರಿ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಕೇಸ್ವಾನ್ ಜಾಲವು ರಾಜಧಾನಿಯನ್ನು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳ ಕಚೇರಿಗಳೊಂದಿಗೆ ಜೋಡಿಸುತ್ತದೆ. ಇಷ್ಟು ದೊಡ್ಡ ಜಾಲಗಳಲ್ಲಿ 'ಸಂಪರ್ಕ ಕೊಡಲಾಗಿದೆ' ಎಂಬ ಪಟ್ಟಿಗೂ 'ಇಂದು ಕೆಲಸ ಮಾಡುತ್ತಿದೆ' ಎಂಬ ಪಟ್ಟಿಗೂ ಇರುವ ಅಂತರವನ್ನು ನಿರಂತರ ಅಳತೆ ಮಾತ್ರ ತೋರಿಸಬಲ್ಲದು.

ಕಂಪ್ಯೂಟರ್ ತುರ್ತು ಪ್ರತಿಸ್ಪಂದನ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನ ಕಾದಿರಿಸಬೇಕೆಂದೂ, ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಂದಿಗೆ ಹೊಂದಿಸಬೇಕೆಂದೂ ಹೇಳುತ್ತವೆ. ಇದು ಸೈಬರ್ ಸುರಕ್ಷತೆಗಾಗಿ ಮಾಡಿದ ನಿಯಮವಾದರೂ ವೇಗದ ದಾಖಲೆಗಳಿಗೂ ಅನುಕೂಲವೇ. ಅಳತೆಯ ಪೆಟ್ಟಿಗೆಯ ಗಡಿಯಾರ 10 ನಿಮಿಷ ಹಿಂದಿದ್ದರೆ ಸೇವಾದಾತರ ದಾಖಲೆಯೊಂದಿಗೆ ಅದು ತಾಳೆಯಾಗುವುದಿಲ್ಲ. ಅನೇಕ ತಂತ್ರಾಂಶಗಳು ಸಮಯವನ್ನು ಭಾರತೀಯ ಕಾಲಮಾನದಲ್ಲಿ ಅಲ್ಲದೆ ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನದಲ್ಲಿ ಬರೆಯುತ್ತವೆ. ಬೆಳಿಗ್ಗೆ 10:30ಕ್ಕೆ ಕಡಿದ ಸಂಪರ್ಕವು ವರದಿಯಲ್ಲಿ 5:00 ಗಂಟೆಗೆ ಕಡಿದಂತೆ ಕಾಣುತ್ತದೆ. ಆ ಹೊತ್ತಿಗೆ ಶಾಖೆಯೇ ತೆರೆದಿರಲಿಲ್ಲ ಎಂಬ ವಾದಕ್ಕೆ ಎಡೆಯಾಗುತ್ತದೆ. ವರದಿಯ ಪ್ರತಿ ಪುಟದಲ್ಲೂ ಕಾಲಮಾನವನ್ನು ನಮೂದಿಸುವ ಪದ್ಧತಿ ಈ ಕಾರಣದಿಂದ ಬಂದಿದೆ.